ಒಂದೇ ಕೈಗೆ ಹಾಲು ಬಿಡುವ ಕಂಪ್ಯೂಟರ್

ಆರಂಭ ಸರಿಯಾದರೆ ಅರ್ಧ ಕಾರ್ಯ ಆದಂತೆ. ಸುಸೂತ್ರವಾಗಿ ಶುರುವಾದ ಕೆಲಸದ ಅಂತ್ಯದ ಬಗ್ಗೆ ಮನುಷ್ಯ ಚಿಂತಿಸಬೇಕಾದ ಕಾರಣವಿಲ್ಲ ಎಂದು ನಮ್ಮ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಹೇಳಿಟ್ಟು ಹೋದರು, ಅಷ್ಟೇ. ಅವರ್ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ.

ನನ್ನ ಮನೆಯಲ್ಲಿದೆ. ಹಿರೇಕೆರೂರಿನ ನಮ್ಮ ಪಡಸಾಲೆಯ ಮೂಲೆಯಲ್ಲಿ, ಗಿಡ್ಡ ಮಣೆಯೊಂದರ ಮೇಲೆ ಕೂತು, ಈ ವಾಕ್ಯ ಬರೆಯುವ ಹೊತ್ತಿನಲ್ಲೂ ನನ್ನನ್ನು ನೋಡುತ್ತಿದೆ. ನಾನು ಇದನ್ನು ಕಾಗದದ ಮೇಲೆ, ಪೆನ್ನಿನಿಂದ ಬರೆಯುತ್ತಿದ್ದೇನೆ ಎಂಬುದನ್ನು ಓದುಗರು ಗಮನಿಸಬೇಕು. ಗಮನಿಸಿ, ನನ್ನ ಸಿಟ್ಟಿನಲ್ಲಿ ಒಂದು ಪಾಲು ತಾವೂ ಹೊರಬೇಕು. ಒಬ್ಬನೇ ಹೊತ್ತು ಸಾಕಾಗಿದೆ.

ನಾನು ನಿವೃತ್ತ ಕನ್ನಡ ಮಾಸ್ತರ. ಸುಮ್ಮನೆ ಕೂರಲಾರದೆ ಲಗ್ನಪತ್ರಿಕೆ ಬರೆದು ಜೋಡಿಸಿಕೊಡುವ ಕೆಲಸ ಹಿಡಿದೆ. ತಪ್ಪಿಲ್ಲದ ಕನ್ನಡಕ್ಕಾಗಿ ಜನ ನನ್ನಲ್ಲಿಗೆ ಬರುತ್ತಾರೆಂದು ಬಹಳ ದಿನ ನಂಬಿದ್ದೆ. ಅವರು ಬರುವುದು ಬೇರೆ ಕಾರಣಕ್ಕೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಇರುತ್ತದೆ, ಇಲ್ಲವೆಂದಲ್ಲ. ಅದನ್ನು ಯಾರೂ ಓದುವುದಿಲ್ಲ. ಓದುವುದು ಕೆಳಗಿನ ಭಾಗ, ‘ತಮ್ಮ ಆಗಮನ ಬಯಸುವವರು’. ದೊಡ್ಡಪ್ಪ ಮೊದಲೋ ಸೋದರಮಾವ ಮೊದಲೋ, ಯಾರ ಹೆಸರು ಯಾರ ಕೆಳಗೆ ಬಂತು, ಯಾರ ಹೆಸರಿನ ಹಿಂದೆ ‘ಶ್ರೀಮಾನ್’ ಬಿಟ್ಟುಹೋಯಿತು ಎಂಬ ಕಾರಣಕ್ಕೆ ಮಾತು ಬಿಟ್ಟ ಮನೆತನಗಳಿವೆ. ಮದುವೆಯಾದವರಿಗೆ ಮೊಮ್ಮಕ್ಕಳಾದರೂ ಆ ಪತ್ರಿಕೆ ಟ್ರಂಕಿನಲ್ಲಿ ಭದ್ರವಾಗಿರುತ್ತದೆ, ಸಾಕ್ಷಿಗೆ. ಇಂಥ ಕಡೆ ಜನಕ್ಕೆ ಬೇಕಾಗುವುದು ವ್ಯಾಕರಣ ಬಲ್ಲವನಲ್ಲ, ಎರಡೂ ಕಡೆಯವರು ಬೈಯಲು ಹಿಂಜರಿಯುವ ಒಬ್ಬ ಮುದುಕ.

ಪಕ್ಕದ ಮನೆಯ ಚನ್ನಬಸಪ್ಪ ಗೋವಿನಜೋಳದ ವ್ಯಾಪಾರಿ. ಶ್ರಾವಣದ ಕೊನೆಗೆಂದು ಮಗಳ ಲಗ್ನ ನಿಶ್ಚಯವಾಗಿತ್ತು. ಅವನಿಗೂ ಅವನ ಅಣ್ಣ ಫಕ್ಕೀರಪ್ಪನಿಗೂ ಹೊಲದ ಬದುವಿನ ವಿಷಯಕ್ಕೆ ಮಾತಿಲ್ಲ. ಇಬ್ಬರೂ ನನ್ನ ಪಡಸಾಲೆಯಲ್ಲಿ ಎದುರುಬದುರು ಕೂತು, ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನನಗೆ ಹೇಳಿದರು.

“ಅವರಿಗೆ ಹೇಳ್ರಿ ಮಾಸ್ತರ, ಹಿರೇ ಮನಷ್ಯಾನ ಹೆಸರು ಮ್ಯಾಲ ಇರಬೇಕಂತ.”

“ಅವರಿಗೆ ಹೇಳ್ರಿ ಮಾಸ್ತರ, ಖರ್ಚು ಮಾಡಾಕತ್ತಾಂವ ನಾ ಅಂತ.”

ಸಂಜೆ ಸಂಜೆ ಕೂತು ಕಡೆಗೆ ಒಪ್ಪಂದವಾಯಿತು. ಫಕ್ಕೀರಪ್ಪ ಮೇಲೆ, ಆದರೆ ಸಾದಾ ಅಕ್ಷರ. ಚನ್ನಬಸಪ್ಪ ಕೆಳಗೆ, ಆದರೆ ದಪ್ಪ ಅಕ್ಷರ. ಸೋದರಮಾವ ಬಲಕ್ಕೆ, ಒಂದು ಪೆಟ್ಟಿಗೆಯೊಳಗೆ. ಅವರ ಹಿಂದೆ ಬಂಧುಬಳಗದ ದೊಡ್ಡ ದಂಡು, ಪ್ರತಿಯೊಬ್ಬರೂ ತಂತಮ್ಮ ಜಾಗದಲ್ಲಿ. ಎರಡು ರಾಜ್ಯಗಳ ಗಡಿ ಹಾಕಿದವರೂ ಇಷ್ಟು ಬೆವತಿರಲಾರರು. ಅದನ್ನು ಕಂಪ್ಯೂಟರಿನಲ್ಲಿ ಕೂಡಿಸಿದೆ. ಶನಿವಾರ ಸಂಜೆಯೊಳಗೆ ಹಾವೇರಿಯ ಛಾಪಖಾನೆಗೆ ಮುಟ್ಟಿಸಬೇಕು, ಸೋಮವಾರ ಅಣ್ಣತಮ್ಮಂದಿರಿಬ್ಬರೂ ಕೂಡಿ ಮೊದಲ ಪತ್ರಿಕೆಯನ್ನು ಮನೆದೇವರಿಗೆ ಇಟ್ಟು ಬರಬೇಕು ಎಂದು ಮಾತಾಯಿತು. ಇಬ್ಬರೂ ಕೂಡಿ ಎಂಬ ಶಬ್ದ ಕೇಳಿ ಚನ್ನಬಸಪ್ಪನ ಹೆಂಡತಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳಂತೆ.

ಅಷ್ಟರಲ್ಲಿ ಪಂಚಮಿ ಬಂತು. ಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ತಲೆ ಹಣ್ಣಾದರೂ ಹೋಗಬೇಕು. ನಮ್ಮ ಮನೆಯವಳು, ಶಾಂತಾ, ಹತ್ತಿಮತ್ತೂರಿನ ತಮ್ಮನ ಮನೆಗೆ ಹೊರಟು ಡಬ್ಬಿಗೆ ಎಳ್ಳುಂಡಿ ತುಂಬುತ್ತ ಹೇಳಿದಳು: “ನಾ ಬರೂತನಕ ಕಂಪ್ಯೂಟರ್ ಹಚ್ಚಾಕ ಹೋಗಬ್ಯಾಡ್ರಿ. ನಿಮ್ಮ ಕೈಗೆ ಏಳಂಗಿಲ್ಲ ಅದು.”

ಅವಳು ಹೇಳಿದ್ದರಲ್ಲಿ ಒಂದು ಸತ್ಯವಿತ್ತು. ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ಅದನ್ನು ಹಚ್ಚುವವಳು ಅವಳು. ನಾನು ಚಹಾ ಮುಗಿಸಿ ಬರುವಷ್ಟರಲ್ಲಿ ಅದು ಎದ್ದು, ಮುಖ ತೊಳೆದು, ನನಗಾಗಿ ಕಾದಿರುತ್ತಿತ್ತು. ಆದರೆ ಊರಿನ ಮಕ್ಕಳಿಗೆ ಸಂಧಿ ಸಮಾಸ ಕಲಿಸಿದವನಿಗೆ ಹೀಗೆ ಹೇಳಬಹುದೇ?

“ಬಟನ್ ಒತ್ತೂದು ಏನ್ ದೊಡ್ಡ ವಿದ್ಯಾ ಅದು?” ಅಂದೆ.

ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು. “ಹಂಗಾರ ಒತ್ತಿಕೋಂತ ಕುಂಡ್ರಿ. ಕರದಾಗ ಬರತೇನಿ.” ಬಸ್ ಸ್ಟ್ಯಾಂಡಿನ ಕಡೆ ನಡೆದವಳು ತಿರುಗಿ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ವಿದ್ಯಾವಂತನಿಗೆ ತಕ್ಕ ಗಾಂಭೀರ್ಯದಿಂದ ಬಟನ್ ಒತ್ತಿದೆ. ಒಳಗೆ ಫ್ಯಾನು ತಿರುಗಿತು. ಪರದೆ ಕಪ್ಪಗೇ ಉಳಿಯಿತು. ಆಮೇಲೆ ಅದು ಕೂಗಿತು. ಪೀ ಎಂದು ಉದ್ದಕ್ಕೆ. ನಿಂತಿತು. ಮತ್ತೆ ಪೀ. ನಾನು ಆರಿಸಿದೆ, ಹಚ್ಚಿದೆ. ಪೀ.

ಬಸ್ಸಿನ ಕಂಡಕ್ಟರನ ಸೀಟಿಗೆ ಅರ್ಥವಿದೆ: ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು. ಹಾವೇರಿ ಗಾಡಿಯ ಡ್ರೈವರನಿಗೂ ಅಷ್ಟು ಗೊತ್ತು, ಹಿಂದೆ ಜೋತುಬಿದ್ದವನಿಗೂ ಗೊತ್ತು. ಈ ಕೂಗಿಗೇನು ಅರ್ಥ? ಮೊಬೈಲಿನಲ್ಲಿ ಹುಡುಕಿದೆ. ಕೂಗಿನ ಅರ್ಥ ಯಂತ್ರ ಮಾಡಿದ ಕಂಪನಿಯ ಮೇಲೆ ಹೋಗುತ್ತದೆ, ಮೊದಲು ಕಂಪನಿ ಯಾವುದೆಂದು ನೋಡಿಕೊಳ್ಳಿ ಎಂದಿತು. ನೋಡಿದೆ. ಕಂಪನಿಯ ಹೆಸರಿದ್ದ ಜಾಗದಲ್ಲಿ ವರ್ಷ ವರ್ಷ ದಸರೆಯ ಖಂಡೇಪೂಜೆಗೆ ಬಳಿದ ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ವಿಭೂತಿ. ಉಗುರಿನಿಂದ ಕೆರೆದೆ. ವಿಭೂತಿಯ ಜೊತೆ ಹೆಸರೂ ಬಂದುಬಿಟ್ಟಿತು.

ಅಲ್ಲಿಂದ ನನ್ನ ಸಿಟ್ಟು ಶುರುವಾಯಿತು ಎನ್ನಬಹುದು. ಸುಟ್ಟ ವಾಸನೆಯಿಲ್ಲ, ಮುರಿದ ಸದ್ದಿಲ್ಲ. ಎಲ್ಲ ಸರಿಯಿದ್ದೂ ಏಳೆನೆಂದರೆ ಅದಕ್ಕೆ ಕೆಟ್ಟಿದೆ ಎನ್ನುವುದಿಲ್ಲ, ಸೊಕ್ಕು ಎನ್ನುತ್ತಾರೆ. ಹಿಂದಿನ ಬೆಂಚಿನ ಎಷ್ಟೋ ಮಕ್ಕಳಲ್ಲಿ ಈ ರೋಗ ಕಂಡಿದ್ದೇನೆ. ಅವರಿಗಾದರೆ ಕಿವಿಯಿತ್ತು, ಹಿಂಡಬಹುದಿತ್ತು.

ಕೂಗು ಕೇಳಿ ಚನ್ನಬಸಪ್ಪ ಓಡಿಬಂದ. ಅವನ ಹಿಂದೆಯೇ, ತಮ್ಮ ಓಡಿದ್ದನ್ನು ನೋಡಿ, ಫಕ್ಕೀರಪ್ಪ.

“ಮಾಸ್ತರ, ಪತ್ರಿಕಾ?”

“ಒಳಗೈತಿ.”

“ಬ್ಯಾರೆ ಕಡೆ ತಗದಿಟ್ಟಿಲ್ಲೇನ್ರಿ? ಪೆನ್ ಡ್ರೈವ್‌ನ್ಯಾಗ?”

ಲೋಕದಲ್ಲಿ ಕೆಲವು ಪ್ರಶ್ನೆಗಳಿವೆ; ಬಾವಿಗೆ ಬಿದ್ದವನನ್ನು ‘ನೋಡಿ ನಡೀಬಾರದೇನು’ ಎಂದು ಕೇಳುವ ಜಾತಿಯವು. ನಾನು ಮತ್ತೊಮ್ಮೆ ಬಟನ್ ಒತ್ತಿದೆ. ಪೀ.

“ಇರಲಿ ಬಿಡ್ರಿ,” ಎಂದ ಫಕ್ಕೀರಪ್ಪ. “ಬ್ಯಾರೆ ಬರೀರಿ. ಯಾರ ಹೆಸರು ಎಲ್ಲಿ ಅಂತ ನನಗ ಬಾಯಿಪಾಠ ಐತಿ. ಮೊದಲ ನಾನು. ದಪ್ಪ ಅಕ್ಷರದಾಗ.”

“ದಪ್ಪ ಅಕ್ಷರ ನಂದು!” ಎಂದ ಚನ್ನಬಸಪ್ಪ, ಮೊದಲ ಬಾರಿಗೆ ನೇರವಾಗಿ ಅಣ್ಣನಿಗೇ. “ಅವರಿಗೆ ಹೇಳ್ರಿ ಮಾಸ್ತರ!” ಎಂದು ಆಮೇಲೆ ಸೇರಿಸಿದ.

ಅವರು ಮರೆತಿದ್ದರೆ ಬದುಕುತ್ತಿದ್ದೆ. ಮರೆತವರಿಗೆ ನಾನು ಹೇಳಿದ್ದೇ ಕ್ರಮವಾಗುತ್ತಿತ್ತು. ಆದರೆ ಎಲ್ಲರಿಗೂ ನೆನಪಿತ್ತು, ಒಬ್ಬೊಬ್ಬರಿಗೆ ಒಂದೊಂದು ರೀತಿ. ಒಪ್ಪಂದವಾದದ್ದು ಎಲ್ಲರ ಸಮ್ಮುಖದಲ್ಲಿ, ಪರದೆಯ ಮೇಲೆ. ಎಲ್ಲರೂ ನಂಬುವ ಪ್ರತಿ ಆ ತಗಡಿನ ಡಬ್ಬಿಯೊಳಗೆ. ಸಂಜೆಯೊಳಗೆ ಬೀಗರಿಗೆ ಸುದ್ದಿ ಮುಟ್ಟೀತು, ಸೋದರಮಾವ ತನ್ನ ಪೆಟ್ಟಿಗೆ ಹೋಯಿತೆಂದು ಫೋನು ಮಾಡ್ಯಾನು, ಫಕ್ಕೀರಪ್ಪ ಲಗ್ನಕ್ಕೇ ಬರಲಾರೆ ಅಂದಾನು. ಅಂದೇ ಬಿಟ್ಟ.

“ಪತ್ರಿಕಾ ಮೊದಲಿದ್ದಂಗ ಬಂದ್ರ ನಾ ಲಗ್ನಕ್ಕ ಬರತೇನಿ. ಇಲ್ಲಂದ್ರ ಇಲ್ಲ. ಅವರಿಗೆ ಹೇಳ್ರಿ.” ಚಪ್ಪಲಿ ಮೆಟ್ಟಿಕೊಂಡು ನಡೆದ. ಚನ್ನಬಸಪ್ಪನ ಮುಖ ನೋಡಲಾಗಲಿಲ್ಲ. ಬದುವಿನ ಜಗಳ ಏನೇ ಇರಲಿ, ಮಗಳನ್ನು ಧಾರೆಯೆರೆಯುವಾಗ ಅಣ್ಣ ಪಕ್ಕದಲ್ಲಿ ನಿಲ್ಲಬೇಕೆಂದು ಅವನು ಒಳಗೊಳಗೇ ಹಂಬಲಿಸಿದ್ದು ನನಗೆ ಗೊತ್ತಿತ್ತು. ದಪ್ಪ ಅಕ್ಷರವನ್ನೂ ಬಿಟ್ಟುಕೊಡುತ್ತಿದ್ದನೋ ಏನೋ. ಆದರೆ ಅದಕ್ಕೆ ಅವನ ಹೆಂಡತಿಯ ತವರಿನವರು ಒಪ್ಪಬೇಕಲ್ಲ.

ನಾನು ಡಬ್ಬಿಯ ಬದಿಯ ತಗಡು ಬಿಚ್ಚಿದೆ. ಒಳಗೆ ಧೂಳು, ಗೋವಿನಜೋಳದ ಸಿಪ್ಪೆ ರವದಿಯ ಚೂರು, ಶಾಂತಾ ಹುಡುಕಿ ಹುಡುಕಿ ಬಿಟ್ಟಿದ್ದ ಒಂದು ಸೇಫ್ಟಿ ಪಿನ್ನು. ಮೊಬೈಲು ಹೇಳಿದಂತೆ ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಕಿತ್ತು, ಅದರ ಹೊಳೆಯುವ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ರಬ್ಬರು ಉಜ್ಜಿ ತಪ್ಪು ತಿದ್ದುವುದರಲ್ಲಿ ಈ ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ತಿರುಗಿ ಕೂಡಿಸಿ ಒತ್ತಿದೆ. ಪೀ.

ಕಡೆಗೆ ಅದನ್ನು ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು, ಹೊಂಡಗಳನ್ನು ಒಂದೂ ತಪ್ಪಿಸದೆ, ಬಸ್ ಸ್ಟ್ಯಾಂಡಿನ ಹತ್ತಿರದ ಇಮ್ತಿಯಾಜನ ರಿಪೇರಿ ಅಂಗಡಿಗೆ ಒಯ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ; ಅಲ್ಪಪ್ರಾಣ ಮಹಾಪ್ರಾಣದ ಭೇದ ಅವನಿಗೆ ಕಡೆಗೂ ಬರಲಿಲ್ಲ. ವಯರು ಸಿಕ್ಕಿಸಿ ಬಟನ್ ಒತ್ತಿದ. ಕಂಪ್ಯೂಟರ್ ಚಕ್ಕನೆ ಎದ್ದಿತು. ಕೂಗಿಲ್ಲ, ತಕರಾರಿಲ್ಲ, ಅತ್ತೆಮನೆಗೆ ಬಂದ ಹೊಸ ಸೊಸೆಯ ಹಾಗೆ.

“ಸರ್, ಏನೂ ಆಗಿಲ್ಲಲ್ರಿ ಇದಕ್ಕ.”

“ಮನ್ಯಾಗ ಏಳಲಿಲ್ಲಪಾ.”

“ಮನ್ಯಾಗ ದಿನಾ ಯಾರ್ ಹಚ್ಚತಾರ್ರಿ?”

“ನಮ್ಮ ಮನಿಯವರು.”

“ಇವತ್ತ ಯಾರ್ ಹಚ್ಚಿದ್ರಿ?”

“ನಾ.”

“ಅದಕ್ಕ ನೋಡ್ರಿ ಮತ್ತ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೊಬೈಲಿಗೆ ಗಾಜು ಹಾಕಿಸಲು ಬಂದ ಅಪರಿಚಿತನೂ ನಕ್ಕ. ನನ್ನ ಮೈ ಉರಿಯಿತು. ವಯರು ಕಿತ್ತು, ಡಬ್ಬಿ ಎತ್ತಿ, ಸ್ಕೂಟರ್ ಏರಿ ಬಂದುಬಿಟ್ಟೆ. ಅರ್ಧ ದಾರಿಗೆ ಬಂದಾಗ, ಅದು ಅಲ್ಲಿ ಎದ್ದು ಕೂತಾಗಲೇ ಪತ್ರಿಕೆಯನ್ನು ಒಂದು ಪೆನ್ ಡ್ರೈವಿಗೆ ಇಳಿಸಿಕೊಳ್ಳಬಹುದಿತ್ತು ಎಂದು ಹೊಳೆಯಿತು. ಕೋಪದಲ್ಲಿ ಕೊಯ್ದ ಮೂಗು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತಿದ್ದೆ. ಆಗ ಯಾರ ಮೂಗೆಂದು ಕೇಳಿರಲಿಲ್ಲ. ತಿರುಗಿ ಹೋದೆ. ಶಟರ್ ಬಿದ್ದಿತ್ತು; ಇಮ್ತಿಯಾಜ ಜುಮ್ಮಾ ನಮಾಜಿಗೆಂದು ಅಂಗಡಿ ಮುಚ್ಚಿದವನು ಅಲ್ಲಿಂದ ಹಾಗೇ ಸವಣೂರಿನ ಅಕ್ಕನ ಮನೆಗೆ ಹೋಗುತ್ತಾನೆಂದು ಪಕ್ಕದ ಅಂಗಡಿಯವನು ಹೇಳಿದ. ಮನೆಗೆ ಬಂದು, ಮಣೆಯ ಮೇಲಿಟ್ಟು, ಒತ್ತಿದೆ. ಪೀ.

ಈ ಕೂಗು ಇನ್ನೆಲ್ಲೋ ಕೇಳಿದ್ದೆನಲ್ಲ ಎಂದು ಆಗ ಅನ್ನಿಸಿತು. ಹಂಸಭಾವಿಯ ನಮ್ಮ ಹಳೆಯ ಮನೆಯ ಎಮ್ಮೆ ಗೌರಿ ಹೀಗೇ ಒದರುತ್ತಿತ್ತು. ಅವ್ವನ ಕೈ ಬಿಟ್ಟರೆ ಇನ್ನಾರ ಕೈಗೂ ಅದು ಹಾಲು ಬಿಡುತ್ತಿರಲಿಲ್ಲ. ಅವ್ವ ಪಂಚಮಿಗೆ ತವರಿಗೆ ಹೋದ ಒಂದು ವರ್ಷ, ಕೆಚ್ಚಲು ಬಿಗಿದು ಊರಿಗೆಲ್ಲ ಕೇಳುವಂತೆ ಒದರಿತು. ಅಪ್ಪ ಹಿಂಡಲು ಕೂತರೆ ಒದ್ದಿತು. ನಮ್ಮ ಅಪ್ಪ ಊರಲ್ಲಿ ನ್ಯಾಯ ಹೇಳುವ ಮನುಷ್ಯ; ಅವನಿಗಿಂತ ಮೊದಲು ಅವನ ಮೀಸೆ ಚಾವಡಿಯನ್ನು ಪ್ರವೇಶಿಸುತ್ತಿತ್ತು. ಒದೆ ತಿಂದವನು ಎದ್ದು, ಧೋತರ ಝಾಡಿಸಿ, ಬಾಗಿಲು ಮುಂದೆ ಮಾಡಿ, ಅವ್ವನ ಹಸಿರು ಇಳಕಲ್ ಸೀರೆ ಉಟ್ಟ. ತಲೆಯ ಮೇಲೆ ಸೆರಗು ಹೊದ್ದ. ನಾವು ಮಕ್ಕಳು ಮೇವು ಹಾಕುವ ಗ್ವಾದಲಿಯ ಹಿಂದೆ ಕೂತು, ಬಾಯಿಗೆ ಅಂಗಿ ತುರುಕಿಕೊಂಡು ನೋಡಿದೆವು. ಗೌರಿ ತಿರುಗಿ ಸೀರೆ ಮೂಸಿತು, ಉಸಿರು ಬಿಟ್ಟಿತು, ಹಾಲೂ ಬಿಟ್ಟಿತು. ಚರಿಗೆ ಅರ್ಧ ತುಂಬಿತ್ತು. ಯಾರೋ ಬಾಗಿಲು ದೂಡಿ ಇಣುಕಿದರು.

“ಯಕ್ಕಾ, ಯಜಮಾನ್ರು ಅದಾರೇನ್ರಿ? ಒಂದು ನ್ಯಾಯ ಇತ್ತು.”

ಅಪ್ಪ ಸೆರಗು ಎಳೆದುಕೊಂಡು, ಸಣ್ಣ ದನಿ ತೆಗೆದು ಅಂದ: “ಇಲ್ಲರಿ, ಹೊಲಕ್ಕ ಹೋಗ್ಯಾರ.”

ಬಂದವನು ಹೋದ. ಆದರೆ ಅವನು ಮೀಸೆಯನ್ನು ನೋಡಿದ್ದ. ಅಪ್ಪ ಸತ್ತು ಇಷ್ಟು ವರ್ಷವಾದರೂ ಹಂಸಭಾವಿಯಲ್ಲಿ ಯಾರಾದರೂ ಮನೆಯಲ್ಲಿದ್ದೂ ಇಲ್ಲವೆಂದರೆ, ‘ಹಿಂಡಾಕ ಕುಂತಾರೇನು?’ ಎಂದು ಕೇಳುತ್ತಾರೆ.

ಈ ಕತೆ ಹಿರೇಕೆರೂರಿಗೂ ಬಂದು ಮುಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಶನಿವಾರ ಬೆಳಕು ಹರಿದಾಗ ಚನ್ನಬಸಪ್ಪ ಬಂದು ಬಾಗಿಲಲ್ಲಿ ನಿಂತು ಕೆಮ್ಮಿದ.

“ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ತಂದಿಯವರು ಮಾಡಿದಂಗ, ಅಕ್ಕಾರದು ಒಂದು ಸೀರಿ…”

“ಚನ್ನಬಸಪ್ಪಾ, ಹೊರಗ ನಡಿ.”

“ನಾ ಹೊರಗ ಅದೀನ್ರಿ. ಮಾತ ಅಷ್ಟ ಒಳಗ ಬಂದೈತಿ.”

ಅವನನ್ನು ಅಟ್ಟಿ ಬಾಗಿಲು ಹಾಕಿಕೊಂಡೆ. ವಿಜ್ಞಾನಯುಗದಲ್ಲಿ ಬದುಕುವ ವಿವೇಕಿಯೊಬ್ಬ ಹೀಗೆ ಯೋಚಿಸಬಾರದೆಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹಗ್ಗದ ಮೇಲೆ ಶಾಂತಾಳ ನೀಲಿ ಸೀರೆ ಒಣಗುತ್ತಿತ್ತು. ನಾನು ಅದನ್ನು ಉಡಲಿಲ್ಲ. ಹೆಗಲ ಮೇಲೆ ಹಾಕಿಕೊಂಡೆ, ಅಷ್ಟೇ. ಈ ಭೇದವನ್ನು ಓದುಗರು ದಯವಿಟ್ಟು ಗಮನಿಸಬೇಕು. ಒತ್ತಿದೆ. ಪೀ. ಎಮ್ಮೆಗೆ ಮರ್ಯಾದೆಯಿತ್ತು, ಮೋಸವೆಂದು ಗೊತ್ತಿದ್ದೂ ಮನುಷ್ಯನ ಮಾನ ಉಳಿಸಿತು. ಇದಕ್ಕೆ ಅದೂ ಇಲ್ಲ. ಸಿಟ್ಟಿನಿಂದ ಕಾಲೆತ್ತಿದೆ. ಒದ್ದರೆ ಪತ್ರಿಕೆ ಹೋದೀತೆಂದು ಇಳಿಸಿದೆ. ಒದೆಯಬೇಕಾದದ್ದನ್ನು ಒದೆಯಲಾಗದ ಸಿಟ್ಟು ಇದೆಯಲ್ಲ, ಅದು ಮೊಣಕಾಲಿನಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಹತ್ತಿಮತ್ತೂರಿಗೆ ಫೋನು ಮಾಡಿದೆ.

“ಯಾರ್ರಿ ಮಾತಾಡೂದು?” ಎಂದಳು ಶಾಂತಾ. ನನ್ನ ನಂಬರು ಅವಳಿಗೆ ಗೊತ್ತಿಲ್ಲವೇ?

“ನಾ. ಕಂಪ್ಯೂಟರ್ ಹಚ್ಚುವಾಗ ಏನ್ ಮಾಡತಿ ನೀ?”

“ಬಟನ್ ಒತ್ತತೇನಿ. ಏನ್ ದೊಡ್ಡ ವಿದ್ಯಾ ಅದು?”

ಫೋನಿನಲ್ಲಿ ಹಿಂದೆ ಜೋಕಾಲಿಯ ಕಿರ್ರೆನ್ನುವ ಸದ್ದು, ಹೆಣ್ಣುಮಕ್ಕಳ ನಗು. ಅವಳು ನಗುತ್ತಿರಲಿಲ್ಲ. ನಾನು ಕರೆಯಲೆಂದು ಕಾಯುತ್ತಿದ್ದಳು. ನಾನು ಒಂದು ಶಬ್ದ ಅನ್ನಬೇಕಿತ್ತು, ಎರಡಕ್ಷರದ್ದೂ ಅಲ್ಲ, ಒಂದೇ ಅಕ್ಷರದ್ದು. ಇಷ್ಟು ವರ್ಷ ಪಾಠ ಹೇಳಿದ ಗಂಟಲಿಗೆ ಅದು ಬರಲಿಲ್ಲ.

“ಚನ್ನಬಸಪ್ಪನ ಪತ್ರಿಕಾ ಸಿಕ್ಕೊಂಡೈತಿ,” ಅಂದೆ. “ಇವತ್ತ ಸಂಜೀಕ ಹಾವೇರಿಗೆ ಮುಟ್ಟಬೇಕು. ಅವರಣ್ಣ ಲಗ್ನಕ್ಕ ಬರಾಂಗಿಲ್ಲ ಅಂತ ಹೋಗ್ಯಾನ.”

“ಹಂಗಾದ್ರ ಆ ಹುಡುಗಿ ಸಲುವಾಗಿ ಬರತೇನಿ. ನಿಮ್ಮ ಸಲುವಾಗಿ ಅಲ್ಲ.” ಫೋನು ಇಟ್ಟಳು.

ಸವಣೂರಿಗೆ ಒಂದು ಬಸ್ಸು, ಅಲ್ಲಿಂದ ಹಾವೇರಿಗೆ ಒಂದು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಹಬ್ಬದ ಗದ್ದಲದಲ್ಲಿ ಬಹುತೇಕ ನಿಂತೇ ಬಂದಳೆಂದು ಆಮೇಲೆ ತಿಳಿಯಿತು. ಮಧ್ಯಾಹ್ನ ಒಳಗೆ ಬಂದಾಗ ಚನ್ನಬಸಪ್ಪ ಪಡಸಾಲೆಯಲ್ಲಿ ಕೂತಿದ್ದ. ಫಕ್ಕೀರಪ್ಪ ಒಳಗೆ ಬರುವುದಿಲ್ಲವೆಂದು ಕಟ್ಟೆಯ ಮೇಲೆ, ಒಳಗಿನದೆಲ್ಲ ಕಾಣುವ ಜಾಗ ನೋಡಿ ಕೂತಿದ್ದ. ಅವಳು ಯಾರನ್ನೂ ಮಾತಾಡಿಸಲಿಲ್ಲ. ಕೈಚೀಲ ಇಟ್ಟಳು. ಸೆರಗು ಸಿಕ್ಕಿಸಿದಳು. ನಮ್ಮ ಸ್ವಿಚ್ ಬೋರ್ಡು ನೆಲಕ್ಕೆ ಗೇಣುದ್ದ ಮೇಲೆ ಇದೆ. ವಯರು ಉಳಿಯುತ್ತದೆಂದು ನಾನೇ ಅಲ್ಲಿ ಹಾಕಿಸಿದ್ದು. ಅದನ್ನು ಮುಟ್ಟಲು ಅವಳು ಎಡಗೈಯನ್ನು ಕಂಪ್ಯೂಟರಿನ ನೆತ್ತಿಯ ಮೇಲೆ ಊರಿದಳು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ತುಟಿ ಕಚ್ಚಿ, ಬಲಗಾಲು ಮಡಚದೆ ನಿಧಾನಕ್ಕೆ ಬಗ್ಗಿದಳು. ತಗಡು ಒಳಗೆ ಬಾಗಿ ಟಕ್ ಎಂದಿತು. ಸ್ವಿಚ್ ಹಾಕಿ, ಕೈ ಎತ್ತದೆ ಬಟನ್ ಒತ್ತಿದಳು.

ಕೂಗಲಿಲ್ಲ. ಪರದೆ ಬೆಳಗಿತು.

“ಎದ್ದಿತು!” ಎಂದು ಕಟ್ಟೆಯ ಮೇಲಿನಿಂದ ಕೂಗಿದವನು ಫಕ್ಕೀರಪ್ಪ. “ತಮ್ಮಾ, ನೋಡಲೇ, ಮ್ಯಾಲ ನಂದ ಐತಿ!”

“ದಪ್ಪ ನಂದೈತಿ ನೋಡಣ್ಣಾ!” ಎಂದ ಚನ್ನಬಸಪ್ಪ. ಮಾಸ್ತರ ಮುಖಾಂತರ ಹೇಳಬೇಕೆಂಬುದು ಇಬ್ಬರಿಗೂ ಮರೆತಿತ್ತು.

ನಾನು ಪರದೆ ನೋಡುತ್ತಿರಲಿಲ್ಲ. ತಗಡಿನ ಮೇಲೆ ಇನ್ನೂ ಊರಿದ್ದ ಕೈ ನೋಡುತ್ತಿದ್ದೆ. ಅದನ್ನು ಊರದೆ ಅವಳಿಗೆ ತಿರುಗಿ ಮೇಲೇಳಲು ಆಗುತ್ತಿರಲಿಲ್ಲ.

“ಯಾವಾಗಿಂದ?” ಅಂದೆ.

“ಏನು?”

“ಮೊಣಕಾಲು.”

“ನೀವು ಬೋರ್ಡ್ ನೆಲಕ್ಕ ಹಚ್ಚಿಸಿದಾಗಿಂದ,” ಎಂದಳು. “ಮೊದಲ ಪತ್ರಿಕಾ ತಗೀರಿ. ಬಸ್ಸಿಗೆ ಹೊತ್ತಾತು.”

ನನಗೆ ಮತ್ತೆ ಸಿಟ್ಟು ಬಂತು. ಈ ಸಲ ಯಾರ ಮೇಲೆಂದು ಸರಿಯಾಗಿ ಗೊತ್ತಿತ್ತು, ಅವನನ್ನೂ ಒದೆಯಲಾಗುವುದಿಲ್ಲ.

ಪತ್ರಿಕೆ ಅಚ್ಚಾಯಿತು. ಸೋಮವಾರ ಅಣ್ಣತಮ್ಮಂದಿರು ಒಂದೇ ಮೋಟಾರ್ ಸೈಕಲ್ ಮೇಲೆ ಮನೆದೇವರಿಗೆ ಹೋಗಿಬಂದರು. ಲಗ್ನದಲ್ಲಿ ಫಕ್ಕೀರಪ್ಪ ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ. ಪೆಟ್ಟಿಗೆಯ ಗೆರೆ ತೆಳುವಾಯಿತೆಂದು ಸೋದರಮಾವ ಮುನಿಸಿಕೊಂಡು ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತ. ನಾನು ವಾಯರ್‌ಮನ್ ಕರೆಸಿ ಸ್ವಿಚ್ ಬೋರ್ಡನ್ನು ಎದೆಮಟ್ಟಕ್ಕೆ ಏರಿಸಿದೆ. ಈಗ ಶಾಂತಾ ನಿಂತೇ ಸ್ವಿಚ್ ಹಾಕುತ್ತಾಳೆ. ಯಾವುದರ ಮೇಲೂ ಕೈ ಊರಬೇಕಾಗಿಲ್ಲ. ಬೇಕಾದರೆ ಊರತೇನಿ ಅಂದಳು. ಬ್ಯಾಡ ಅಂದೆ. ಡಬ್ಬಿಯ ನೆತ್ತಿಗೆ ನಾನೇ ಕೈ ಊರಿ ನೋಡಿದೆ, ಕೂಗಿತು. ಬೋರ್ಡು ಮೇಲೇರಿದ ದಿನದಿಂದ ಕಂಪ್ಯೂಟರ್ ಎದ್ದಿಲ್ಲ.